ಜಾಗಟೆ ನಿಂತ ಗಳಿಗೆ

ಜಂಪಿಯ ಮನೆ, ನಂಗಾ ಕೆಲಾಸಿ,
ರಜಾಂಗ್ ಹೊಳೆಯ ಮೇಲ್ದಂಡೆ.
೧೭ ಏಪ್ರಿಲ್ ೧೯೬೮

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಮೊಣಕಾಲಿನ ಸಮಾಚಾರ ತಿಳಿಸು. ನಿನ್ನ ಮಗಳಿರುವ ಮನೆಯ ಏಣಿ ನಮ್ಮದಕ್ಕಿಂತ ಕಡಿದು, ಕಚ್ಚುಗಳೆಲ್ಲ ಸವೆದು ನುಣ್ಣಗಾಗಿವೆ ಎಂದು ಅಲ್ಲಿಗೆ ಉಪ್ಪು ಮಾರಲು ಹೋಗಿದ್ದ ಚೀನೀ ದೋಣಿಯವನು ಹೇಳಿದ. ಹತ್ತುವಾಗ ಪಕ್ಕದ ಬಿದಿರು ಹಿಡಿದುಕೋ. ಇಳಿಯುವಾಗ ಮುಖ ಏಣಿಯ ಕಡೆಗಿರಲಿ, ಬೆನ್ನು ಹೊಳೆಯ ಕಡೆಗಿರಲಿ. ಮಕ್ಕಳ ಹಾಗೆ ಇಳಿಯುತ್ತಾನೆ ಎಂದು ಯಾರಾದರೂ ನಕ್ಕರೆ ನಗಲಿ. ಉಳಿದ ನಾಲ್ಕು ಹಲ್ಲು ನಾಲ್ಕೂ ಇವೆಯೇ? ಮಗಳು ಅಡಿಕೆ ಕುಟ್ಟಿ ಕೊಡುತ್ತಾಳೋ, ಇಲ್ಲ ಹೋಳು ಹೋಳಾಗಿಯೇ ಎದುರಿಗಿಟ್ಟು ಗದ್ದೆಗೆ ಹೋಗಿಬಿಡುತ್ತಾಳೋ? ಆ ಹೊಳೆಯಲ್ಲಿ ಮೀನು ಚಿಕ್ಕವು, ಮುಳ್ಳು ದೊಡ್ಡವು ಎಂದು ಕೇಳಿದ್ದೇನೆ. ನಿಧಾನವಾಗಿ ತಿನ್ನು. ನಾವೆಲ್ಲ ಇಲ್ಲಿ ಕ್ಷೇಮ. ಕ್ಷೇಮ ಎಂದು ಬರೆಯುವುದು ಕಾಗದದ ಪದ್ಧತಿ, ಆದ್ದರಿಂದ ಬರೆದಿದ್ದೇನೆ.

ಈ ಕಾಗದ ಓದಿ ಹೇಳುವವನು ನಿನ್ನ ಅಳಿಯ ಬಕೀರ್ ಎಂಬುದು ನನಗೆ ಗೊತ್ತು. ಮಿಷನ್ ಶಾಲೆಯಲ್ಲಿ ಅವನು ನಾಲ್ಕು ವರ್ಷ ಕೂತ, ನಾನು ಎರಡೇ ವರ್ಷ ಕೂತೆ, ಹಾಗಾಗಿ ನನ್ನ ಅಕ್ಷರದ ತಪ್ಪುಗಳನ್ನು ಅವನು ತಿದ್ದಿಕೊಂಡು ಓದಬೇಕು. ಅಳಿಯನಾದವನು ಮಾವನ ಹೆಸರನ್ನು ನಾಲಿಗೆಯ ಮೇಲೆ ತಂದರೆ ಹೊಟ್ಟೆ ಊದಿಕೊಂಡು ಸಾಯುತ್ತಾನಷ್ಟೆ, ಅದಕ್ಕೆಂದೇ ಈ ಕಾಗದದಲ್ಲಿ ನಿನ್ನ ಹೆಸರನ್ನು ಒಂದು ಕಡೆಯೂ ಬರೆದಿಲ್ಲ. ಲಕೋಟೆಯ ಮೇಲೂ ‘ಬಕೀರನ ಮಾವನಿಗೆ’ ಎಂದಷ್ಟೇ ಬರೆಯುತ್ತೇನೆ. ಬಕೀರಾ, ನೀನು ಹೆದರದೆ ಓದಪ್ಪಾ, ನಿನ್ನ ಹೊಟ್ಟೆಯ ಜವಾಬ್ದಾರಿ ನನ್ನದು. ಜಗಲಿಯ ಮೇಲೆ ನೆಂಟರು ಕೂತಿದ್ದರೆ ಮಾತ್ರ ಮಾವನನ್ನು ಒಳಗೆ ಕರೆದುಕೊಂಡು ಹೋಗಿ ಓದು. ಯಾಕೆ ಎಂದು ಕೇಳಬೇಡ. ಮೂರನೆಯ ಹಾಳೆಗೆ ಬಂದಾಗ ನಿನಗೇ ಗೊತ್ತಾಗುತ್ತದೆ.

ಸುದ್ದಿ ಎಂದರೆ, ಕೊಯ್ಲು ಮುಗಿಯಿತು. ಬತ್ತ ಪರವಾಗಿಲ್ಲ, ಇಲಿ ತಿಂದು ಉಳಿದಿದ್ದನ್ನು ನಾವು ತಿನ್ನುತ್ತೇವೆ. ನಿನ್ನ ಕೆಂಪು ಹುಂಜ ಚೆನ್ನಾಗಿದೆ. ನಾನೇ ಕಾಳು ಹಾಕುತ್ತೇನೆ, ಬೆಳಿಗ್ಗೆ ತೊಡೆಯ ಮೇಲೆ ಕೂರಿಸಿಕೊಂಡು ನೀವುತ್ತೇನೆ. ನೀನು ಹೋದ ಮೊದಲ ವಾರ ಅದು ನನ್ನ ಕೈಯನ್ನು ಮೂರು ಸಲ ಕುಕ್ಕಿತು. ಮನೆಯವರೆಲ್ಲ ಬಿಟ್ಟುಕೊಟ್ಟ ಮೇಲೂ ನಿನ್ನ ಪರವಾಗಿ ನಿಂತ ಒಂದೇ ಜೀವ ಅದು, ಹಾಗಾಗಿ ನಾನು ಕೈ ಎಳೆದುಕೊಳ್ಳಲಿಲ್ಲ. ನನ್ನ ಹೆಂಡತಿ ಇಂಜಾ ನಿನಗೆ ನಮಸ್ಕಾರ ಹೇಳಿದ್ದಾಳೆ. ನನಗೆ ಹೇಳುವುದಕ್ಕೆ ಅವಳ ಹತ್ತಿರ ಏನೂ ಇಲ್ಲವಂತೆ, ಜನವರಿಯಿಂದ ಇದೇ ಕಥೆ. ಅನ್ನ ಬಡಿಸುತ್ತಾಳೆ, ಬೊಂಬಿನಲ್ಲಿ ಬೆಂದ ಕೋಳಿ ಬಡಿಸುತ್ತಾಳೆ, ಆಮೇಲೆ ಗೋಡೆಯ ಕಡೆ ತಿರುಗಿ ಚಾಪೆ ಹೆಣೆಯುತ್ತಾಳೆ. ಬಾಗಿಲಿಗೊಂದು ಸಂಸಾರದಂತೆ ಇಪ್ಪತ್ತೆರಡು ಬಾಗಿಲಿನ ಈ ಉದ್ದನೆಯ ಮನೆಯಲ್ಲಿ ಇಪ್ಪತ್ತೊಂದು ಒಲೆ ಉರಿಯುತ್ತಿವೆ. ನಿನ್ನ ಬಾಗಿಲಿನ ಮುಂದಿನ ಜಗಲಿಯನ್ನು ದಾಟುವಾಗ ಎಲ್ಲರೂ ಸ್ವಲ್ಪ ಬೇಗ ಹೆಜ್ಜೆ ಹಾಕುತ್ತಾರೆ. ನಾನಂತೂ ಓಡುತ್ತೇನೆ.

ಇನ್ನು ವಿಷಯಕ್ಕೆ ಬರಬೇಕು. ಬರುತ್ತೇನೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ, ಒಂದು ಸಲ ಹುಂಜವನ್ನು ಸುಮ್ಮನೆ ನೋಡಿ ಬಂದೆ.

ಹೋದ ವರ್ಷ ಹೊಸ ಮನೆ ಕಟ್ಟಲು ಈ ಜಾಗಕ್ಕೆ ಹಕ್ಕಿಯ ಶಕುನ ಕೇಳಲು ನೀನು ಒಂದು ತಿಂಗಳು ಪೂರಾ ಕಾಡಿನಲ್ಲಿ ಕೂತೆ. ಎಲೆಯ ಟೋಪಿ, ಒಂದು ಎಲೆಯಡಿಕೆ ಬುಟ್ಟಿ, ಕಾಲಿಗೆ ಜಿಗಣೆ. ಮಳೆ ಬಂದರೂ ಎದ್ದು ಬರಲಿಲ್ಲ, ಮಾತನಾಡಿಸಲು ಹೋದವರ ಮೇಲೆ ಕಲ್ಲು ಎಸೆದೆ. ಎಸೆಸಿಕೊಂಡವನು ನಾನೇ. ಮೊದಲು ನೆಂಡಾಕ್ ಹಕ್ಕಿ ತಣ್ಣಗೆ ಕೂಗಿತು, ಆಮೇಲೆ ಬೆರಗಾಯ್ ಹಕ್ಕಿ ಬಲಗಡೆಯಿಂದ ನಕ್ಕಿತು, ಹೀಗೆ ಏಳು ಕೂಗು ಕೇಳಿ, ಕೂಗಿಗೊಂದರಂತೆ ಏಳು ಕಡ್ಡಿ ಕತ್ತರಿಸಿ ತಂದೆ. ನಮ್ಮ ಮನೆಯ ಯಜಮಾನ ಜಂಪಿಯ ಕಂಬವೇ ಮೊದಲ ಕಂಬ, ಅದರ ಗುಂಡಿಗೆ ಆ ಏಳು ಕಡ್ಡಿ ಹಾಕಿಸಿದೆ. “ಈ ನೆಲ ತಣ್ಣಗಿದೆ, ಮೊಮ್ಮಕ್ಕಳ ಮೊಮ್ಮಕ್ಕಳು ಇಲ್ಲಿ ಮುದುಕರಾಗ್ತಾರೆ” ಅಂದೆ. ನೀನು ಅಂದದ್ದು ನಿಜ, ಅಣ್ಣಾ. ನಿನ್ನ ಹಕ್ಕಿಗಳು ಒಂದಕ್ಷರ ಸುಳ್ಳು ಹೇಳಲಿಲ್ಲ. ಇದನ್ನು ಈ ಹೊಳೆಯ ಮೇಲ್ದಂಡೆ, ಕೆಳದಂಡೆ ಎಲ್ಲ ಸೇರಿಸಿ ನನಗಿಂತ ಚೆನ್ನಾಗಿ ಬಲ್ಲವನು ಇನ್ನೊಬ್ಬನಿಲ್ಲ.

ಕಂಬ ನೆಡುವ ದಿನ ನನಗೆ ಬೆನ್ನುನೋವು ಬಂದಿತ್ತು. ಬಂದಿತ್ತು ಎಂದು ನಾನು ಹೇಳಿದ್ದೆ. ಬೆಲಿಯನ್ ಮರದ ಒಂದೊಂದು ಕಂಬಕ್ಕೆ ಹನ್ನೆರಡು ಹೆಗಲು ಬೇಕು, ಹದಿಮೂರನೆಯವನು ಬರೀ ಹುರಿದುಂಬಿಸಬಹುದು. ಆ ಹದಿಮೂರನೆಯವನ ಕೆಲಸಕ್ಕೆ ನಾನು ಹುಟ್ಟಿನಿಂದಲೇ ತಯಾರಾಗಿದ್ದೆ. ಜಂಪಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಬೆನ್ನು ಹೋದ್ರೆ ಹೋಗ್ಲಿ, ಕೈ ಇದೆಯಲ್ಲ. ಹೋಗು, ಜಾಗಟೆ ಹೊಡಿ” ಎಂದ. ಹೀಗೆ, ಮಾನ್ಯ ಗಾರಾಯ್ ಅವರು ಅಂದಿನ ಮಹಾಕಾರ್ಯದಲ್ಲಿ ಜಾಗಟೆಯ ಹಿರಿಯ ಅಧಿಕಾರಿಯಾಗಿ ನೇಮಕಗೊಂಡರು. ಕೈಕೆಳಗೆ ಮೂವರು. ನೆರಳಿನಲ್ಲಿ ಚಾಪೆ. ಪಕ್ಕದಲ್ಲಿ ತುವಾಕ್ ಹೆಂಡದ ಜಾಡಿ.

ಜಾಗಟೆ ಯಾಕೆ ಎಂದು ನಾನು ನಿನಗೆ ಪಾಠ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ನನಗೆ ನಾನೇ ಹೇಳಿಕೊಳ್ಳುವುದಿದೆ. ಮೊದಲ ಕಂಬ ಏಳುವಾಗ ಶುರುವಾದ ಜಾಗಟೆ ಕೊನೆಯ ಕಂಬದ ಬುಡಕ್ಕೆ ಮಣ್ಣು ಬೀಳುವ ತನಕ ನಿಲ್ಲಬಾರದು. ಒಳ್ಳೆಯ ಶಕುನ ನೀನು ಆಗಲೇ ಕೇಳಿ ತಂದಾಗಿದೆ. ಆ ದಿನ ಕಾಡಿನಲ್ಲಿ ಯಾವ ಕೆಟ್ಟ ಪ್ರಾಣಿ ಏನು ಕೂಗಿದರೂ ಮನುಷ್ಯರ ಕಿವಿಗೆ ಬೀಳಕೂಡದು. ಬಿದ್ದರೆ ಅದು ಶಕುನ, ಆ ಮನೆಯನ್ನೇ ಬಿಟ್ಟೇಳಬೇಕು, ಬೀಳದಿದ್ದರೆ ಬರೀ ಸದ್ದು. ಅಷ್ಟೇ ಕೆಲಸ. ಐದು ವರ್ಷದ ಮಗುವಿಗೂ ತಿಳಿಯುವ ಕೆಲಸ.

ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ಹೊಡೆದೆವು. ಮಧ್ಯಾಹ್ನ ಹೊತ್ತು ನೆತ್ತಿಗೇರಿದಾಗ ಒಂಬತ್ತನೆಯ ಬಾಗಿಲಿನ ಕಂಬ ಗುಂಡಿಯ ಅಂಚಿಗೆ ಸಿಕ್ಕಿ ಓರೆಯಾಯಿತು. “ಕೈ ಖಾಲಿ ಇದ್ದವರೆಲ್ಲ ಬನ್ರೋ!” ಎಂದು ಜಂಪಿ ಕೂಗಿದ. ನನ್ನ ಮೂವರೂ ಓಡಿದರು. ಜಾಗಟೆಗೆ ನಾನೊಬ್ಬನೇ ಉಳಿದೆ. ಹೊಡೆಯುತ್ತಲೇ ಇದ್ದೆ. ಆಗ ನನ್ನ ಕಣ್ಣು ರೆಂಗಿಯ ಮೇಲೆ ಬಿತ್ತು. ಅವನ ಸೊಂಟದ ಸುತ್ತಳತೆ ನಿನಗೆ ಗೊತ್ತಿದೆ. ಹಗ್ಗದ ತುದಿ ಹಿಡಿದು, ಕಣ್ಣು ಮುಚ್ಚಿ, ಹಿಂದಕ್ಕೆ ವಾಲಿ ನಿಂತಿದ್ದ. ನನಗೆ ಒಂದು ತಮಾಷೆ ಹೊಳೆಯಿತು. ತಮಾಷೆ ಹೊಳೆದಾಗ ನನ್ನ ಸ್ಥಿತಿ ಏನಾಗುತ್ತದೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ, ಚಿಕ್ಕಂದಿನಲ್ಲಿ ಅಪ್ಪನ ಹೆಣದ ಮುಂದೆ ಕೂಡ ನೀನು ನನ್ನ ಬಾಯಿ ಮುಚ್ಚಿ ಹಿಡಿದುಕೊಂಡವನು. ಜಾಗಟೆಯ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಕೇಳಿಸದ ತಮಾಷೆ ಇದ್ದರೆಷ್ಟು, ಬಿಟ್ಟರೆಷ್ಟು?

ನಾನು ಕೈ ನಿಲ್ಲಿಸಿದೆ, ಅಣ್ಣಾ.

ಕೋಲನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯಿಂದ ಜಾಗಟೆಯ ನಡುವಿನ ಉಬ್ಬನ್ನು ಒತ್ತಿ ಅದರ ಮೊಳಗನ್ನೂ ಅಡಗಿಸಿದೆ. ಮಾತು ಸ್ಪಷ್ಟವಾಗಿ ಕೇಳಲಿ ಎಂಬ ಕಾಳಜಿ ನೋಡು. ಬಾಯಿ ತೆರೆದೆ. ಆಗ ಹೊಳೆಯ ಆಚೆ ದಡದಲ್ಲಿ, ಎಡಗಡೆಯಿಂದ, ಕಾಡುಕುರಿ ಬೊಗಳಿತು. ಒಂದೇ ಸಲ. ಒಣಗಿದ ಹಲಗೆಯನ್ನು ಮುರಿದ ಹಾಗೆ.

ಎಲ್ಲರೂ ‘ಎಳೀ ಎಳೀ’ ಎಂದು ಅರಚುತ್ತಿದ್ದರು. ಕಂಬದ ಕೆಳಗೆ ಹನ್ನೆರಡು ಜನ ನರಳುತ್ತಿದ್ದರು. ನೀನು ಮೊದಲ ಕಂಬದ ಬುಡದಲ್ಲಿ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದೆ. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಒಬ್ಬರ ತಲೆಯೂ ಆ ಕಡೆ ತಿರುಗಿರಲಿಲ್ಲ. ಬಾಯಿ ಮುಚ್ಚಿ ಜಾಗಟೆ ಹೊಡೆಯತೊಡಗಿದೆ. ಎಂಥ ಹೊಡೆತ ಅಂತೀಯ? ಭೂಮಿಯ ಮೇಲೆ ಅದಕ್ಕೆ ಮೊದಲು ಯಾರೂ ಹಾಗೆ ಜಾಗಟೆ ಹೊಡೆದಿರಲಿಕ್ಕಿಲ್ಲ. “ನೋಡ್ರೋ, ನಮ್ಮ ಗಾರಾಯ್‌ಗೆ ಈಗ ಹುರುಪು ಬಂತು!” ಎಂದು ಜಂಪಿ ಕೂಗಿದ್ದು ನಿನಗೂ ನೆನಪಿರಬಹುದು. ಸಂಜೆಯವರೆಗೆ ಒಬ್ಬರ ಕೈಗೂ ಕೋಲು ಕೊಡಲಿಲ್ಲ. ಅಂಗೈ ಬಿರಿದು ರಕ್ತ ಬಂತು. ಊಟದ ಹೊತ್ತಿಗೆ ಜಂಪಿ ಎದ್ದು ನಿಂತು, ಈವತ್ತು ಒಂದು ನೊಣದ ಶಕುನ ಕೂಡ ಒಳಗೆ ಬರದಂತೆ ಕಾದವನು ಗಾರಾಯ್ ಎಂದು ಹೊಗಳಿ ಮೊದಲ ಬಟ್ಟಲು ತುವಾಕ್ ನನಗೆ ಕೊಟ್ಟ. ನಾನು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದೆ. ನೀನು ನನ್ನ ಅಂಗೈ ಹಿಡಿದು ನೋಡಿ, ಎಲೆ ಜಗಿದು ಅದರ ರಸ ಹಚ್ಚಿದೆ. “ನಮ್ಮಪ್ಪ ಇದ್ದಿದ್ರೆ ನೋಡಿ ಖುಷಿ ಪಡ್ತಿದ್ದ ಕಣೋ” ಎಂದೆ. ಆ ಮಾತನ್ನು ನೆನೆದಾಗೆಲ್ಲ ನನಗೆ ಈ ಹಲಗೆಯ ಸಂದಿನಿಂದ ಕೆಳಗಿನ ಹಂದಿಗಳ ನಡುವೆ ಇಳಿದುಹೋಗೋಣ ಅನ್ನಿಸುತ್ತದೆ.

ಆ ತಮಾಷೆ ಏನು ಎಂದು ಕೇಳುತ್ತೀಯೇನೋ. ರೆಂಗಿ ಹಗ್ಗ ಎಳೆಯುತ್ತಿದ್ದಾನೋ, ಹಗ್ಗಕ್ಕೆ ಜೋತು ನಿದ್ದೆ ಮಾಡುತ್ತಿದ್ದಾನೋ ಅಂತ. ಅಷ್ಟೇ. ಈಗ ಬರೆದು ನೋಡಿದರೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಇಪ್ಪತ್ತೆರಡು ಸಂಸಾರಗಳ ಮನೆಗೆ ಸಮನಾಗಿ ನಾನು ತೂಗಿದ್ದು ಇದನ್ನು.

ಮೊದಮೊದಲು ಬಹಳ ಬುದ್ಧಿವಂತಿಕೆಯಿಂದ ಯೋಚಿಸಿದೆ. ಕೇಳಿಸಿದರೆ ತಾನೇ ಶಕುನ? ಮನೆಯಲ್ಲಿ ನೂರ ಮೂವತ್ತು ಜನ, ಕೇಳಿದವನು ಒಬ್ಬ. ನೂರ ಮೂವತ್ತರಲ್ಲಿ ಒಂದು ಭಾಗದ ಶಕುನ ಎಷ್ಟು ಕೆಟ್ಟದ್ದಿರಬಹುದು? ಅದೂ ಜಾಗಟೆ ಹೊಡೆದು ಹೊಡೆದು ನನ್ನ ಕಿವಿ ಗುಂಯ್ ಎನ್ನುತ್ತಿತ್ತು, ಸರಿಯಾಗಿ ಕೇಳಿದ್ದು ಎಡಗಿವಿ ಮಾತ್ರ, ಹಾಗಾಗಿ ಅರ್ಧ ಕಳೆಯಬೇಕು. ಅದು ಕಾಡುಕುರಿಯೇ ಅಲ್ಲ, ಆಚೆ ದಡದಲ್ಲಿ ಯಾರದೋ ನಾಯಿ ಎಂದುಕೊಂಡೆ. ಆಚೆ ದಡದಲ್ಲಿ ಯಾರೂ ಇಲ್ಲ, ನಾಯಿ ಎಲ್ಲಿಂದ ಬರಬೇಕು? ಬೇಟೆಗೆ ಬಂದವರದ್ದು ಎಂದುಕೊಂಡೆ. ಹೀಗೆ ಆ ಒಂದು ಬೊಗಳಿಕೆಗೆ ಒಡೆಯನನ್ನು ಹುಡುಕುತ್ತಾ ಮೂರು ತಿಂಗಳು ಕಳೆದೆ. ಅಷ್ಟರಲ್ಲಿ ಮಾಡು ಏರಿತು, ಹಲಗೆ ಹಾಸಿದೆವು, ಒಲೆಗೆ ಮಣ್ಣು ತುಂಬಿದೆವು. ಅಷ್ಟೆಲ್ಲ ಆದ ಮೇಲೆ ಹೇಳುವುದಾದರೂ ಹೇಗೆ? ‘ಎಲ್ಲರೂ ಇಳಿಯಿರಪ್ಪ, ಕಂಬ ಕೀಳಿ, ನನಗೊಂದು ತಮಾಷೆ ಹೊಳೆದಿತ್ತು’ ಎನ್ನಬೇಕಿತ್ತೇ?

ಆಮೇಲೆ ಒಂದೊಂದಾಗಿ ಶುರುವಾಯಿತು. ಅಕ್ಟೋಬರಿನಲ್ಲಿ ನಡುಮಾಡು ಸೋರಿತು. ನವೆಂಬರಿನಲ್ಲಿ ಜಂಪಿಯ ಮೊಮ್ಮಗಳು ಏಣಿಯಿಂದ ಬಿದ್ದು ಕೈ ಮುರಿದುಕೊಂಡಳು. ಹೊಸ ವರ್ಷದ ಮೊದಲ ವಾರ ಏಳನೆಯ ಬಾಗಿಲಿನ ದೀಮಜ್ಜಿ ತೀರಿಕೊಂಡಳು. ತನ್ನ ವಯಸ್ಸು ಎಷ್ಟೆಂದು ಅವಳಿಗೇ ನೆನಪಿರಲಿಲ್ಲ, ಇನ್ನೊಂದು ಮನೆಯಲ್ಲಿದ್ದರೂ ತೀರಿಕೊಳ್ಳುತ್ತಿದ್ದಳು. ಆದರೆ ಹೊಸ ಮನೆಯಲ್ಲಿ ಸತ್ತರೆ ಜನ ವಯಸ್ಸನ್ನು ಕೇಳುವುದಿಲ್ಲ, ಕಂಬವನ್ನು ನೋಡುತ್ತಾರೆ. ಕಂಬವನ್ನು ನೋಡಿದವರು ಆಮೇಲೆ ನಿನ್ನನ್ನು ನೋಡಿದರು. ನನ್ನನ್ನು ಯಾರೂ ನೋಡಲಿಲ್ಲ. ನಾನು ಜಾಗಟೆಯ ವೀರ.

ಜನವರಿಯ ಆ ಸಭೆಯನ್ನು ನಾನು ಮರೆತಿಲ್ಲ. ನೀನು ಮರೆತಿರಲಿ ಎಂದು ಆಸೆ ಪಡುತ್ತೇನೆ, ಆದರೆ ಮರೆಯುವವನು ನೀನಲ್ಲ. ಬಕೀರಾ, ಇಲ್ಲಿಂದ ಮುಂದೆ ಸ್ವಲ್ಪ ಮೆಲ್ಲಗೆ ಓದು. ರೆಂಗಿ ಎದ್ದು, “ನಾನ್ ಯಾರ್ ಮೇಲೂ ಹೇಳ್ತಿಲ್ಲಪ್ಪ. ಹಕ್ಕಿ ಒಂದು ಹೇಳಿರುತ್ತೆ, ಕೇಳೋ ಕಿವಿಗೆ ವಯಸ್ಸಾಗಿರುತ್ತೆ” ಎಂದ. ನೀನು ಅಡಿಕೆ ಜಗಿಯುವುದನ್ನು ನಿಲ್ಲಿಸಲೂ ಇಲ್ಲ. “ಏಳು ಕೂಗು, ಏಳು ಕಡ್ಡಿ. ಒಂದು ಸುಳ್ಳಾಗಿದ್ರೂ ನನ್ನ ನಾಲಿಗೆ ಕುಯ್ಯಿ” ಎಂದೆ. ಆಗ ಜಂಪಿ ನನ್ನ ಕಡೆ ತಿರುಗಿದ. ಆ ಮನುಷ್ಯನಿಗೆ ನಿನ್ನ ಮೇಲೆ ಗೌರವ ಇತ್ತು, ನಿನ್ನನ್ನು ಕಾಪಾಡಲು ದಾರಿ ಹುಡುಕುತ್ತಿದ್ದ. “ಗಾರಾಯ್, ಕಂಬ ನೆಡೋ ದಿನ ಜಾಗಟೆ ಹತ್ರ ನೀನೇ ಇದ್ದೆ. ಏನಾದ್ರೂ ಕೇಳಿಸ್ತಾ? ನಿಜ ಹೇಳು” ಎಂದು ಕೇಳಿದ. ಬಾಗಿಲು ತೆರೆದು, ದೀಪ ಹಿಡಿದು, ‘ಹೀಗೆ ಬಾಪ್ಪಾ’ ಎಂದು ಕರೆದ ಹಾಗೆ ಕೇಳಿದ. ನೂರ ಮೂವತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಬಾಯಿ ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಮಾಡಿತು.

“ನನ್ನ ಕಿವಿಲಿ ಜಾಗಟೆ ತುಂಬಿತ್ತು, ನಮ್ಮಣ್ಣನ ಕಿವಿಲಿ ಕೂದಲು ತುಂಬಿದೆ. ಅಷ್ಟು ಪೊದೆ ಇದ್ರೆ ಹಕ್ಕಿ ಯಾಕೆ ಕೂಗುತ್ತೆ? ಒಳಗೇ ಗೂಡು ಕಟ್ಟುತ್ತೆ” ಎಂದೆ.

ಜಗಲಿ ಈ ತುದಿಯಿಂದ ಆ ತುದಿಯವರೆಗೆ ನಕ್ಕಿತು. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ರೆಂಗಿ ಹೊಟ್ಟೆ ಹಿಡಿದು ಉರುಳಿದ, ಮೊದಲು ತಡೆದುಕೊಂಡ ಜಂಪಿಯೂ ಕೊನೆಗೆ ನಕ್ಕುಬಿಟ್ಟ. ನನ್ನ ಜೀವಮಾನದಲ್ಲಿ ನನ್ನ ಮಾತಿಗೆ ಅಷ್ಟು ದೊಡ್ಡ ನಗು ಬಿದ್ದದ್ದಿಲ್ಲ. ನಗದಿದ್ದವರು ಇಬ್ಬರು. ಇಂಜಾ ನನ್ನನ್ನು ನೋಡಿದಳು. ನೀನು ನೆಲ ನೋಡಿದೆ, ಎಲೆಯಡಿಕೆ ಉಗಿದೆ, ಒಳಗೆ ಹೋಗಿ ಚಾಪೆ ಸುತ್ತಿದೆ. ಮಾರನೆಯ ಬೆಳಿಗ್ಗೆ ದೋಣಿಗೆ ಕಾಲಿಡುವಾಗ ನನಗೊಂದೇ ಮಾತು ಹೇಳಿದೆ: “ನಿನ್ನ ಕಿವಿ ಚೆನ್ನಾಗಿದೆಯಲ್ಲ, ಇನ್ಮೇಲೆ ನೀನೇ ಕೇಳ್ಕೋ.” ಇದರ ಅರ್ಥ ಏನು ಅಣ್ಣಾ? ನಿನಗೆ ಗೊತ್ತಿತ್ತೇ? ಆ ದಿನ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದಾಗ ಜಾಗಟೆ ನಿಂತದ್ದು ನಿನಗೆ ಕೇಳಿಸಿತ್ತೇ? ಕೇಳಿಸಿಯೂ, ತಮ್ಮ ತಾನಾಗಿ ಹೇಳಲಿ ಎಂದು ಸುಮ್ಮನಿದ್ದೆಯಾ? ಈ ಪ್ರಶ್ನೆಯನ್ನು ನಾನು ಹುಂಜಕ್ಕೆ ಕಾಳು ಹಾಕುವಾಗಲೂ ಕೇಳಿಕೊಳ್ಳುತ್ತೇನೆ, ಅನ್ನ ಬಾಯಿಗಿಡುವಾಗಲೂ ಕೇಳಿಕೊಳ್ಳುತ್ತೇನೆ. ಉತ್ತರ ಎರಡರಲ್ಲಿ ಯಾವುದಾದರೂ ನನ್ನ ಮುಖ ಉಳಿಯುವುದಿಲ್ಲ.

ಆ ಕಿವಿಯ ಮಾತು ಈಗ ಮನೆಯ ಗಾದಿಯೇರಿ ಕೂತಿದೆ. ಯಾರಾದರೂ ಕರೆದಾಗ ಓಗೊಡದಿದ್ದರೆ “ಏನಯ್ಯಾ, ಗೂಡು ಕಟ್ಟಿದೆಯಾ?” ಎಂದು ಮಕ್ಕಳು ಕೂಡ ಕೇಳುತ್ತಾರೆ. ಕೇಳಿದಾಗಲೆಲ್ಲ ನನ್ನ ಕಡೆ ನೋಡಿ ನಗುತ್ತಾರೆ, ಹೇಳಿಕೊಟ್ಟ ಗುರುವಿಗೆ ಮರ್ಯಾದೆ ಸಲ್ಲಿಸುವ ಹಾಗೆ. ನಾನೂ ನಗುತ್ತೇನೆ. ನಗದಿದ್ದರೆ ‘ಯಾಕೆ ನಗ್ತಿಲ್ಲ?’ ಎಂದು ಕೇಳುತ್ತಾರಲ್ಲ.

ಇಷ್ಟು ದಿನ ಬರೆಯದವನು ಈಗ ಯಾಕೆ ಬರೆಯುತ್ತಿದ್ದಾನೆ ಅಂತೀಯ. ಹೋದ ವಾರ ಮತ್ತೆ ಸಭೆ ಕೂಡಿತು. ಜೂನ್ ತಿಂಗಳ ಹಬ್ಬದ ದಿನ ಮೊದಲ ಕಂಬದ ಬುಡ ಬಗೆದು, ನಿನ್ನ ಏಳು ಕಡ್ಡಿಗಳನ್ನು ಹೊರಗೆ ತೆಗೆದು, ಸುಳ್ಳು ಕಡ್ಡಿಗಳೆಂದು ಹೊಳೆಗೆ ಬಿಡುವುದು ಎಂದು ತೀರ್ಮಾನವಾಯಿತು. ಮೇಲಿನ ಹೊಳೆಯಿಂದ ಬೇರೆ ಒಬ್ಬನನ್ನು ಕರೆಸಿ ಹೊಸದಾಗಿ ಹಕ್ಕಿ ಕೇಳಿಸುತ್ತಾರಂತೆ. ಒಮ್ಮೆ ಕಡ್ಡಿ ಹೊಳೆಗೆ ಬಿದ್ದರೆ ಆಮೇಲೆ ಈ ರಜಾಂಗ್ ಉದ್ದಕ್ಕೂ ನಿನ್ನನ್ನು ಹಕ್ಕಿ ಕೇಳಲು ಯಾರೂ ಕರೆಯುವುದಿಲ್ಲ. ನಲವತ್ತು ವರ್ಷ ಜಿಗಣೆಗೆ ರಕ್ತ ಕೊಟ್ಟು ನೀನು ಗಳಿಸಿದ ಹೆಸರು, ಅಳಿಯ ಬಾಯಲ್ಲಿ ತರಲೂ ಅಂಜುವ ಹೆಸರು, ನೀರಿನಲ್ಲಿ ತೇಲಿಹೋಗುತ್ತದೆ. ಸಭೆಯಲ್ಲಿ ನಾನು ಕೂತಿದ್ದೆ. ‘ಸರಿ’ ಎನ್ನಲಿಲ್ಲ. ‘ಬೇಡ’ ಎಂದೂ ಅನ್ನಲಿಲ್ಲ. ಸೊಳ್ಳೆ ಹೊಡೆಯುವವನ ಹಾಗೆ ತೊಡೆ ತಟ್ಟಿಕೊಂಡು ಕೂತಿದ್ದೆ.

ಆದ್ದರಿಂದ ನಿನಗಾದರೂ ನಿಜ ತಿಳಿಯಲಿ ಎಂದು ಬರೆದಿದ್ದೇನೆ. ಹಬ್ಬ ಇನ್ನೂ ಆರು ವಾರ ಇದೆ. ಅದರೊಳಗೆ ಒಳ್ಳೆಯ ಸಮಯ ನೋಡಿ, ಜಂಪಿ ಸಂತೋಷದಲ್ಲಿರುವಾಗ, ರೆಂಗಿ ಊರಲ್ಲಿಲ್ಲದಾಗ, ಮೆಲ್ಲಗೆ ವಿಷಯ ಎತ್ತುತ್ತೇನೆ. ಅಲ್ಲಿಯವರೆಗೆ ಇದು ನಿನ್ನ ಹೊಟ್ಟೆಯಲ್ಲಿರಲಿ. ಬಕೀರಾ, ನಿನ್ನ ಹೊಟ್ಟೆಯಲ್ಲೂ ಇರಲಿ. ಹೆಂಡತಿಗೆ ಹೇಳಬೇಡ, ಅವಳು ಚಿಕ್ಕಪ್ಪನನ್ನು ಚಿಕ್ಕಂದಿನಿಂದ ಬಹಳ ಒಳ್ಳೆಯವನು ಎಂದುಕೊಂಡಿದ್ದಾಳೆ. ಇನ್ನೂ ಆರು ವಾರ ಹಾಗೇ ಅಂದುಕೊಳ್ಳಲಿ.

ಮಗಳಿಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಒಲೆ ಆರದಿರಲಿ, ಕಣಜ ಬರಿದಾಗದಿರಲಿ. ನಿನ್ನ ಕಾಲು ಮುಟ್ಟಿ ಕೇಳುತ್ತೇನೆ, ಬೈಯುವುದಿದ್ದರೆ ಬಕೀರನ ಕೈಯಲ್ಲಿ ಬರೆಸಿ ಕಳಿಸು. ಬೈಗುಳವೇ ಆದರೂ ಓದಲು ನನಗೆ ಎರಡು ವರ್ಷದ ಶಾಲೆ ಸಾಕು.

ನಿನ್ನ ತಮ್ಮ,
ಗಾರಾಯ್

ತಾಜಾ ಕಲಂ. ಬೆಳಿಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ, ದೋಣಿ ಕಾಯುತ್ತಿದೆ. ಮೇಲೆ ಬರೆದ ಆರು ವಾರದ ಮಾತನ್ನು ಹೊಡೆದುಹಾಕು. ನಿನ್ನೆ ಮಧ್ಯಾಹ್ನ ಸಹಿ ಹಾಕಿ ಮುಗಿಸುವಾಗ ಇಂಜಾ ಬಂದು, “ಯಾರಿಗೆ ಅಷ್ಟುದ್ದ?” ಎಂದಳು. ಜನವರಿಯಿಂದ ಅವಳಾಗಿ ಕೇಳಿದ ಮೊದಲ ಪ್ರಶ್ನೆ. ಸುಳ್ಳು ಹೇಳಲಾಗಲಿಲ್ಲ, ಓದಿ ಹೇಳಿದೆ. ಪೂರಾ ಕೇಳಿದಳು. “ಇದನ್ನ ಅಲ್ಲಿಗ್ಯಾಕೆ ಕಳಿಸ್ತೀಯ? ಕೂದಲಿನ ಮಾತು ಆಡಿದ್ದು ಈ ಜಗಲಿ ಮೇಲೆ, ಅವರೆಲ್ಲ ನಕ್ಕಿದ್ದೂ ಈ ಜಗಲಿ ಮೇಲೆ” ಎಂದಳು. ನಾನು ಏಳುವುದರೊಳಗೆ ಬಾಗಿಲು ಬಾಗಿಲಿಗೆ ಹೋಗಿ ಎಲ್ಲರನ್ನೂ ಕರೆದಳು.

ಎದ್ದು ನಿಂತು ಹೇಳಿದೆ, ಅಣ್ಣಾ. ಎಲ್ಲರೂ ನಕ್ಕರು. ಗಾರಾಯ್ ಹೊಸ ತಮಾಷೆ ತಂದಿದ್ದಾನೆ ಎಂದುಕೊಂಡರು. ಇನ್ನೊಂದು ಸಲ ಹೇಳಿದೆ, ಇನ್ನೂ ಜಾಸ್ತಿ ನಕ್ಕರು. ರೆಂಗಿ ಕಣ್ಣೊರೆಸಿಕೊಂಡು, “ಕಾಡುಕುರಿ ಹೆಂಗ್ ಬೊಗಳ್ತು, ಮಾಡಿ ತೋರ್ಸು ಮಾರಾಯ” ಎಂದ. ಮೂರನೆಯ ಸಲ ಹೇಳುವಾಗ ನನಗೆ ಅಳು ಬಂತು. ಆಗ ಜಂಪಿ ಕೈ ಎತ್ತಿದ, ಜಗಲಿ ಒಮ್ಮೆಲೇ ಸುಮ್ಮನಾಯಿತು. ದೀಮಜ್ಜಿಯ ಮಗಳು ಎದ್ದು ಬಂದು ನನ್ನ ಮುಂದೆ ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯದೆ ಹೋದಳು.

ಸಂಜೆಯವರೆಗೆ ವಾದವಾಯಿತು. ಅರ್ಧ ಜನ ಇವತ್ತೇ ಕಂಬ ಕೀಳೋಣ ಎಂದರು. ಕೊನೆಗೆ ಜಂಪಿ ಹೇಳಿದ್ದು ಇಷ್ಟು: ದಂಡವಾಗಿ ನಾನು ಒಂದು ಹಂದಿ ಕೊಡಬೇಕು, ಅದನ್ನು ಕಡಿದು, ಬಿಸಿ ಈಲಿಯನ್ನು, ಅಂದರೆ ಯಕೃತ್ತನ್ನು, ಎಲೆಯ ಮೇಲಿಟ್ಟು ಅದರ ಗೆರೆ, ಪಿತ್ತದ ಚೀಲ ನೋಡಿ, ಮನೆಯಲ್ಲಿ ಇರಬೇಕೋ ಬಿಡಬೇಕೋ ತಿಳಿಯಬೇಕು. ಓದುವವರು ಯಾರು ಎಂದಾಗ ಮೇಲಿನ ಹೊಳೆಯವನ ಹೆಸರನ್ನು ಒಬ್ಬನೂ ಎತ್ತಲಿಲ್ಲ. “ಯಾರ ಹಕ್ಕಿ ಸುಳ್ಳು ಹೇಳ್ಲಿಲ್ವೋ ಅವನೇ ಬರ್ಬೇಕು. ಬೇರೆಯವರು ಓದಿದ್ರೆ ನಾವ್ ನಂಬಲ್ಲ” ಎಂದಿತು ಇಡೀ ಮನೆ. ಈ ಕಾಗದ ತರುವ ದೋಣಿಯ ಹುಟ್ಟು ಹಾಕುತ್ತಿರುವವನು ರೆಂಗಿ, ತಾನೇ ಹೋಗುತ್ತೇನೆ ಎಂದು ಹಟ ಹಿಡಿದ. ದಾರಿಯಲ್ಲಿ ಅವನು ಮಾತಾಡದಿದ್ದರೆ ಕೋಪ ಎಂದು ತಿಳಿಯಬೇಡ.

ಬೇಗ ಬಾ. ಇಪ್ಪತ್ತೊಂದು ಬಾಗಿಲಿನವರೂ ಜಾಡಿ, ಚಾಪೆ, ಮಡಕೆ ಎಲ್ಲ ಕಟ್ಟಿಟ್ಟುಕೊಂಡು ಗಂಟಿನ ಮೇಲೆ ಕೂತಿದ್ದಾರೆ. ಬಿಚ್ಚಬೇಕೋ ಹೊರಬೇಕೋ ನೀನು ಬಂದು ಹೇಳಬೇಕು. ನಾನು ನಿನ್ನ ಎದುರಿಗೇ ಕೂತಿರುತ್ತೇನೆ, ದಂಡ ಕೊಟ್ಟವನು ಅಲ್ಲೇ ಕೂರಬೇಕಂತೆ. ಅಣ್ಣಾ, ನನ್ನ ಮುಖ ನೋಡಿ ಓದಬೇಡ, ಈಲಿ ನೋಡಿ ಓದು.